ಬೆಂಕಿ ತಾಗಿಸಬಾರದ ಒಲೆ

ನನ್ನ ಕೈಯಲ್ಲಿ ರಿಪೇರಿಯಾಗದ ವಸ್ತು ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲ! ಹಳಿಯಾಳದ ನಮ್ಮ ಅಂಗಳದಲ್ಲಿ ನಿಂತು ನಾನು ಹೀಗೆ ಘೋಷಿಸಿದಾಗ, ಮೌಳಂಗಿ ಕಡೆಯ ಹೋಂಸ್ಟೇಯೊಂದರವರು ಗುಜರಿಗೆ ಹಾಕಲಿದ್ದ ಗ್ರಿಲ್ ಒಲೆ ನನ್ನ ಸ್ಕೂಟರಿನ ಹಿಂದೆ ಕೂತಿತ್ತು. ಮೂರು ಕಾಲು, ಒಂದು ಮುಚ್ಚಳ, ನಾಲ್ಕು ಸರಳು, ಉಳಿದದ್ದೆಲ್ಲ ತುಕ್ಕು.

ಭಾನುವಾರ ಇಂದೂರು ಹಳ್ಳಿಯಿಂದ ನಮ್ಮತ್ತೆ ಗುರುಸಿದ್ದವ್ವ ಬರುವವರಿದ್ದರು. ಮಗಳನ್ನು ನನಗೆ ಕೊಟ್ಟು ಹದಿನೆಂಟು ವರ್ಷವಾದರೂ ಆ ಮಹಾತಾಯಿಯ ಬಾಯಿಂದ "ಅಳಿಯಂದಿರು ಮಾಡಿದ್ದು ಛಲೋ ಆಗೇತಿ" ಎಂಬ ಒಂದೇ ಒಂದು ಮಾತು ಉದುರಿಲ್ಲ. ಸುಟ್ಟ ಗೊಂಜಾಳ ತೆನೆ, ಅಂದರೆ ಮೆಕ್ಕೆಜೋಳದ ತೆನೆ, ಎಂದರೆ ಅವರಿಗೆ ಪ್ರಾಣ. ಈ ಸಲ ಆ ಮಾತು ಕೇಳಿಯೇ ಸಿದ್ಧ ಎಂದು ಪಣ ತೊಟ್ಟೆ.

ಹೆಂಡತಿ ದಾನೇಶ್ವರಿ ಸ್ಕೂಟರಿಗೇ ಅಡ್ಡ ನಿಂತಳು.

"ಇದರ ಮ್ಯಾಲೆ ಎಷ್ಟು ಕೋಳಿ ಸುಟ್ಟಾರೋ ಏನೋ! ನಮ್ಮವ್ವ ಲಿಂಗಪೂಜಿ ಆಗೂತನಾ ನೀರು ಸೈತ ಕುಡಿಯೂದಿಲ್ಲ, ಗೊತ್ತೈತಿಲ್ಲೋ?"

"ತಿಕ್ಕಿ ಬಣ್ಣ ಹಚ್ಚಿದರ ಹೊಸಾದ ಆಕ್ಕೈತಿ ತಗೋ!"

"ಬಣ್ಣ ಯಾಕ್ರೀ? ಬೂದಿ ಹಚ್ಚಿ ತಿಕ್ಕಿ, ಖಾಲಿ ಒಲಿಗೆ ಒಮ್ಮೆ ಚಂದಂಗ ಬೆಂಕಿ ಹಾಕ್ರಿ. ಬೆಂಕಿ ತಾಗಿದರ ಕಬ್ಬಿಣ ಶುದ್ಧ."

ಇಷ್ಟು ಸುಲಭದ ಉಪಾಯವನ್ನು ನನ್ನಂಥ ಕುಶಲಕರ್ಮಿ ಒಪ್ಪುವುದುಂಟೇ? ಎರಡು ದಿನ ತಿಕ್ಕಿದೆ. ಮೂಗಿನಲ್ಲಿ ತುಕ್ಕು, ಉಗುರಿನಲ್ಲಿ ತುಕ್ಕು, ಸೀನಿದರೂ ತುಕ್ಕು! "ನನ್ನ ಭಾಂಡೆ ತಿಕ್ಕೂ ತಂತಿ ಎಲ್ಲಿ ಹೋತ್ರೀ?" ಎಂದು ಅಡುಗೆಮನೆಯಿಂದ ಕೂಗು ಬಂದಾಗ ಕಿವುಡನಾದೆ. ಆಮೇಲೆ ಗೇಟಿಗೆ ಹಚ್ಚಿ ಉಳಿದಿದ್ದ ಬೆಳ್ಳಿ ಬಣ್ಣದ ಡಬ್ಬಿ ತೆಗೆದೆ. ಪೂರ್ವಜನ್ಮದ ಕೋಳಿಯ ಸುಳಿವೂ ಉಳಿಯಬಾರದಲ್ಲ! ಹೊರಗೆ, ಒಳಗೆ, ತೆನೆ ಇಡುವ ಸರಳುಗಳಿಗೂ ಬಿಡದೆ ಮೂರು ಮೂರು ಸಲ ಬಳಿದೆ. ಮುಚ್ಚಳಕ್ಕೆ ಮೂರೆಳೆ ವಿಭೂತಿ ಹಚ್ಚಿ ಹೂ ಏರಿಸಿದೆ.

"ಈಗರ ಖಾಲಿ ಬೆಂಕಿ ಹಾಕಿ ನೋಡ್ರಿ."

"ಹುಚ್ಚಿ! ಬೆಂಕಿ ತಾಗಿದರ ಬಣ್ಣ ಕೆಡೂದಿಲ್ಲೇನ?"

"ಮತ್ತ ಒಲಿ ಯಾಕ ಮಾಡೀರಿ?"

ಇಂಥ ಕುತರ್ಕಕ್ಕೆ ಉತ್ತರ ಕೊಡುವುದು ನನ್ನ ಘನತೆಗೆ ತಕ್ಕದ್ದಲ್ಲವೆಂದು ಮುಚ್ಚಳಕ್ಕೆ ಇನ್ನೊಂದು ಹೂ ಏರಿಸಿದೆ.

ಭಾನುವಾರ ಅತ್ತೆ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತರು. ಕೆಂಡ ಹಾಕಿ, ತೆನೆ ಜೋಡಿಸಿ, ಗಂಭೀರವಾಗಿ ಮುಚ್ಚಳ ಮುಚ್ಚಿದೆ. ಐದು ನಿಮಿಷವಾಗಿಲ್ಲ, ಕರಿ ಹೊಗೆ ಎದ್ದಿತು. ಎಂಥ ನಾತ ಅಂತೀರಿ! ಪಕ್ಕದ ಮನೆಯ ಮಾಲವ್ವ ಕಾಂಪೌಂಡಿನ ಮೇಲಿಂದ ಇಣುಕಿದಳು.

"ಟಾಯರ ಸುಡಾಕ ಹತ್ತೀರೇನ್ರೀ?"

ಓಡಿಹೋಗಿ ಮುಚ್ಚಳ ತೆಗೆದೆ. ಸರಳುಗಳ ಬಣ್ಣ ಪೂರಿಯಂತೆ ಉಬ್ಬಿ ಒಡೆಯುತ್ತಿತ್ತು. ತೆನೆಗಳೆಲ್ಲ ಬೆಳ್ಳಿ! ಅತ್ತೆ ಒಂದನ್ನು ಎತ್ತಿ, ತಿರುಗಿಸಿ, ಮೂಸಿ, ಕೆಳಗಿಟ್ಟರು.

"ಅಳಿಯಂದಿರ, ತೆನಿಗೂ ಬಣ್ಣ ಹಚ್ಚೀರೇನ್ರೀ?"

ದಾನೇಶ್ವರಿ ಸೆರಗನ್ನು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ನನಗೆ ಅಳು ಬರುವುದೊಂದು ಬಾಕಿ. ಅತ್ತೆ ಮೂರು ಕಲ್ಲು ಇಟ್ಟು, ಒಣ ಪುಳ್ಳೆ ಹಚ್ಚಿ, ಹತ್ತೇ ನಿಮಿಷದಲ್ಲಿ ಬೇರೆ ತೆನೆ ಸುಟ್ಟು ಕೊಟ್ಟರು. ಹಾಳಾದ್ದು, ಭಾರೀ ರುಚಿಯಾಗಿತ್ತು! ಹೊರಡುವಾಗ, "ಆ ಒಲಿ ನನಗ ಕೊಡ್ರಿ, ಹೊಲಕ್ಕ ಬೇಕಾಗೇತಿ" ಎಂದರು. ಏಕೆಂದು ಕೇಳುವ ಧೈರ್ಯವಾಗಲಿಲ್ಲ, ಬಸ್ಸಿಗೆ ಏರಿಸಿ ಕೊಟ್ಟೆ.

ಎಂಟು ದಿನದ ಮೇಲೆ ಅವರ ಫೋನು ಬಂತು.

"ಅಳಿಯಂದಿರ, ನೀವು ಮಾಡಿದ್ದು ಛಲೋ ಆಗೇತ್ರೀ!"

ಹದಿನೆಂಟು ವರ್ಷದ ತಪಸ್ಸು! ಎದೆ ಉಬ್ಬಿ ಅಂಗಿಯ ಗುಂಡಿ ಕೀಳುವುದರಲ್ಲಿತ್ತು. ದಾನೇಶ್ವರಿಗೂ ಕೇಳಲೆಂದು ಸ್ಪೀಕರ್ ಒತ್ತಿದೆ.

"ಗೊಂಜಾಳದ ಬದುವಿಗೆ ನಿಲ್ಲಿಸೇನಿ. ಆ ಬಣ್ಣದ ವಾಸನಿಗೆ ಕಾಡಹಂದಿ ಒಂದೂ ಹೊಲದ ಕಡೆ ಹಾಯವಲ್ವು! ಆಚೀ ಬದುವಿಗೂ ಇಂಥಾದ್ದ ಒಂದು ಮಾಡಿ ಕಳಸ್ರಿ. ಬೆಂಕಿ ಮಾತ್ರ ತಾಗಸಬ್ಯಾಡ್ರಿ ಮತ್ತ, ಇದರದು ಅರ್ಧಾ ವಾಸನಿ ಅವತ್ತ ಸುಟ್ಟ ಹೋಗೇತಿ!"