ಎರಡನೆಯ ಕುರ್ಚಿ

ಯುವರಾಜನ ಮದುವೆಯ ಕರೆಯೋಲೆಯಲ್ಲಿ ಕುರ್ಚಿಗಳು ಎರಡಿದ್ದವು. ರಗಳೆ ಹುಟ್ಟಿದ್ದು ಎರಡನೆಯದರಿಂದ.

ಸಾಮಾನ್ಯ ಜನರಲ್ಲೂ ಒಂದಿಷ್ಟು ಮಂದಿಯನ್ನು ಚೀಟಿ ಎತ್ತಿ ಕರೆಯಬೇಕೆಂದು ಅರಮನೆಗೆ ತೋಚಿತ್ತು. ಪತ್ರಿಕೆಯ ಕೂಪನ್ನು ಕತ್ತರಿಸಿ, ಗಂಡನ ಹೆಸರು ತುಂಬಿ, ಅಂಚೆಗೆ ಹಾಕಿದವಳು ಲಿಫ್ಟ್ ರಿಪೇರಿಯವನ ಹೆಂಡತಿ. ಕರೆಯೋಲೆ ಬರುವ ಹೊತ್ತಿಗೆ ಅವಳು ತೀರಿಕೊಂಡು ಎಂಟು ತಿಂಗಳಾಗಿತ್ತು. ‘ನೀವು ಮತ್ತು ನಿಮ್ಮ ಜೊತೆಗಾರರು’ ಎಂದು ಬಂಗಾರದ ಬಣ್ಣದಲ್ಲಿ ಅಚ್ಚಾಗಿತ್ತು.

ಮನೆಯಲ್ಲಿ ಈಗ ಅವನು ಮತ್ತು ಅತ್ತೆ. ಅತ್ತೆಯ ಕಣ್ಣಿಗೆ ಪೊರೆ ಬಂದಿತ್ತು. ಬಣ್ಣಗಳು ಕಾಣುತ್ತಿದ್ದವು, ಮುಖಗಳು ಕಾಣುತ್ತಿರಲಿಲ್ಲ. ಅದಕ್ಕಿಂತ ಕಷ್ಟದ್ದೆಂದರೆ, ಮಗಳು ಇಲ್ಲವೆನ್ನುವುದು ಅವರಿಗೆ ಆಗಾಗ ಮರೆತುಹೋಗುತ್ತಿತ್ತು. “ಇನ್ನೂ ಬರ್ಲಿಲ್ವಲ್ಲ ಇವಳು” ಎಂದು ಬಾಗಿಲು ನೋಡುವರು. ಪ್ರತಿ ಸಲ ಅವನೇ ಹೇಳಬೇಕು. ಪ್ರತಿ ಸಲ ಅವರು ಮೊದಲ ಬಾರಿ ಕೇಳಿದವರ ಹಾಗೆ ಅಳುವರು.

ಮದುವೆಯ ದಿನ ಬೆಳಿಗ್ಗೆ ಅತ್ತೆಗೆ ಎಲ್ಲವೂ ನೆನಪಿತ್ತು. ಮಗಳ ಶಾಲನ್ನು ಮಡಿಸಿ ಅವನ ಕೈಗಿಟ್ಟರು. ಎಷ್ಟು ದೂರದಿಂದಲೂ ಕಣ್ಣಿಗೆ ಹೊಡೆಯುವ ಹಳದಿ ಶಾಲು.

“ಇದನ್ನ ಅವಳ ಕುರ್ಚಿ ಮೇಲೆ ಹಾಕಿ ಅಳಿಯಂದ್ರೇ. ಯಾರನ್ನೂ ಕೂರಿಸ್ಬೇಡಿ. ನಾನು ಟೀವಿ ಮುಂದೆ ಕೂತಿರ್ತೀನಿ. ಖಾಲಿ ಕುರ್ಚೀನ ಒಂದ್ಸಲ ಕಣ್ಣಾರೆ ನೋಡಿಬಿಟ್ರೆ ಮನಸ್ಸಿಗೆ ಇಳಿಯತ್ತೆ. ಆಮೇಲೆ ನಿಮ್ಮನ್ನ ಕೇಳಿ ಕೇಳಿ ಗೋಳು ಹುಯ್ಕೊಳಲ್ಲ.”

“ಆಗ್ಲಿ ಅತ್ತೆ” ಎಂದ. ಎಂಟು ತಿಂಗಳಲ್ಲಿ ಮೊದಲ ಬಾರಿ ಅವನಿಗೊಂದು ಆಸೆ ಹುಟ್ಟಿತು.

ಬಾಗಿಲು ತೆರೆದರೆ ಕೆಳಮನೆಯ ಟೈಲರಕ್ಕ. ಕೈಯಲ್ಲಿ ಅವನಿಗೆಂದು ಹೊಲಿದ ಕೋಟು. ಮೈಮೇಲೆ ನಿನ್ನೆಯವರೆಗೂ ಅಂಗಡಿಯ ಗೊಂಬೆ ತೊಟ್ಟಿದ್ದ ಉಡುಪು. ಬೆನ್ನಲ್ಲಿ ಬೆಲೆಚೀಟಿ ಇನ್ನೂ ನೇತಾಡುತ್ತಿತ್ತು.

“ಹಾಕ್ಕೋ ತಮ್ಮಾ, ಹೊರಡೋಣ.”

“ಹೊರಡೋಣ ಅಂದ್ರೆ?”

“ಮತ್ತೆ? ಕೋಟು ಪುಕ್ಕಟೆ ಹೊಲಿದೆ ಅಂದ್ಕೊಂಡ್ಯಾ?”

ಕೋಟು ಹಾಕಿಕೊಂಡ. ತೋಳುಗಳು ಮೊಣಕೈ ದಾಟಿ ನಾಲ್ಕು ಬೆರಳು ಬಂದು, ಸಾಕಾಯಿತೆಂದು ನಿಂತುಬಿಟ್ಟವು. ಅಷ್ಟರಲ್ಲಿ ಮನೆ ಓನರು ಏದುಸಿರು ಬಿಡುತ್ತ ಮೆಟ್ಟಿಲೇರಿ ಬಂದರು. ತಲೆಗೆ ಹೊಸದಾಗಿ ಬಣ್ಣ ಬಳಿದುಕೊಂಡಿದ್ದರು. ಹಣೆಗೂ ಅದರ ಪಾಲು ಸಂದಿತ್ತು.

“ಜೊತೆಗಾರರು ಅಂತಿದೆ ಕಣಯ್ಯಾ. ಹೆಂಗಸೇ ಆಗ್ಬೇಕು ಅಂತ ಎಲ್ಲಿದೆ? ನೀನು ಲಿಫ್ಟ್ ರಿಪೇರಿಯವನು, ನಮ್ಮ ಲಿಫ್ಟೇ ಕೆಟ್ಟು ಕೂತಿದೆ. ಒಂದು ದಿನ ಒಂದು ಮಾತು ಅಂದಿದೀನಾ?”

“ನಿಮ್ಮ ಹಣೆ ನೋಡಿದ್ರೆ ಮದುಮಗಳು ಮದುವೇನೇ ಬೇಡ ಅಂತಾಳೆ” ಎಂದಳು ಟೈಲರಕ್ಕ.

ಅವರಿಬ್ಬರ ನಡುವೆ ನುಸುಳಿ ಕೆಳಗಿಳಿದರೆ, ಬೀದಿಯಲ್ಲಿ ಅವನ ಕಂಪನಿಯ ಮ್ಯಾನೇಜರ ಕಾರು. ಪಕ್ಕದಲ್ಲಿ ಅವರ ಹೆಂಡತಿ, ಕುತ್ತಿಗೆಯ ಸುತ್ತ ಮುತ್ತು.

“ಕರ್ಕೊಂಡು ಹೋಗ್ಬನ್ನಿ ರೀ. ಎರಡು ಗಂಟೆ ಹೊತ್ತು ನನ್ನ ಹೆಂಡ್ತೀನ ನಿಮ್ಮ ಹೆಂಡ್ತಿ ಅಂದ್ರೆ ಯಾರ ಗಂಟು ಹೋಗತ್ತೆ? ನಿಮ್ಮ ಕೆಲಸ ಖಾಯಂ ಮಾಡೋ ಫೈಲು ನನ್ನ ಮೇಜಿನ ಮೇಲೇ ಇದೆ.”

ಆಕೆ ಕಿಟಕಿಯಿಂದ ಕೋಟಿನ ತೋಳುಗಳನ್ನು ನೋಡಿ, “ಇವರ ಜೊತೇನಾ?” ಎಂದರು.

ಎರಡು ಮಹಡಿಗಳ ನಡುವೆ ನಿಂತುಹೋದ ಲಿಫ್ಟಿನೊಳಗಿನ ಮುಖಗಳನ್ನು ಅವನು ಬೇಕಾದಷ್ಟು ನೋಡಿದ್ದ. ಇವತ್ತು ಆ ಮುಖ ಅವನದಾಗಿತ್ತು.

“ಆ ಕುರ್ಚಿ ನನ್ನ ಹೆಂಡ್ತೀದು!” ಎಂದು ಕೂಗಿಬಿಟ್ಟ. “ಅದು ಖಾಲಿ ಇರತ್ತೆ. ಶಾಲು ಹಾಕ್ತೀನಿ. ಯಾರಿಗೂ ಇಲ್ಲ!”

ಟೈಲರಕ್ಕ, ಓನರು ಇಬ್ಬರೂ ಅವನ ಬೆನ್ನಿಗೇ ಇಳಿದು ಬಂದಿದ್ದರು. ಟೈಲರಕ್ಕ ಕಣ್ಣೊರೆಸಿಕೊಂಡಳು. ಓನರು, “ಗಂಡ ಅಂದ್ರೆ ಇವನು” ಎಂದರು. ಮ್ಯಾನೇಜರ ಹೆಂಡತಿ ಗಂಡನ ಕಡೆ ತಿರುಗಿ, “ನಾನು ಸತ್ರೆ ನೀವು ಕುರ್ಚಿ ಮೇಲೆ ಫೈಲ್ ಇಡ್ತೀರಿ” ಎಂದರು. ಮ್ಯಾನೇಜರು ಗಾಬರಿಯಾಗಿ ಅಲ್ಲೇ ಅವನ ಕೆಲಸ ಖಾಯಂ ಮಾಡಿಬಿಟ್ಟರು. ಆ ಖಾಲಿ ಕುರ್ಚಿಯನ್ನು ನೋಡಲೇಬೇಕೆಂದು ಎಲ್ಲರೂ ಅತ್ತೆಯ ಟೀವಿಯ ಮುಂದೆ ಕೂರಲು ಮೆಟ್ಟಿಲು ಹತ್ತಿದರು.

ಅರಮನೆಯ ಸಭಾಂಗಣದಲ್ಲಿ ಏಸಿಯ ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಅವನು ಪಕ್ಕದ ಕುರ್ಚಿಯ ಮೇಲೆ ಶಾಲು ಹರಡಿ, ಸುಕ್ಕು ತೆಗೆದ. ಕಿವಿಗೆ ವೈರು ಸಿಕ್ಕಿಸಿಕೊಂಡ ಮೇಲ್ವಿಚಾರಕ ಬಂದ.

“ಸಾರ್, ಇದು ಖಾಲೀನಾ?”

“ಖಾಲಿ ಅಲ್ಲ.”

“ಯಾರು ಬರ್ತಾರೆ?”

“ಯಾರೂ ಬರಲ್ಲ.”

“ಹಾಗಾದ್ರೆ ಖಾಲಿ.”

“ಅಲ್ಲ.”

ಮೇಲ್ವಿಚಾರಕ ವಾದಕ್ಕೆ ನಿಲ್ಲಲಿಲ್ಲ. ಕ್ಯಾಮೆರಾಗೆ ಖಾಲಿ ಕುರ್ಚಿ ಕಾಣಬಾರದೆಂದು ಅರಮನೆಯ ಕಟ್ಟಪ್ಪಣೆ. ಅದಕ್ಕೆಂದೇ ಒಳ್ಳೆಯ ಬಟ್ಟೆ ತೊಡಿಸಿದ ಕೂಲಿಯವರನ್ನು ಗೋಡೆಯುದ್ದಕ್ಕೂ ನಿಲ್ಲಿಸಿದ್ದರು. ಬೆರಳು ಆಡಿಸಿದ್ದೇ ತಡ, ಒಬ್ಬ ಹೆಂಗಸು ಓಡಿಬಂದು ಕುಳಿತಳು. “ಮೇಡಂ, ನಿಮ್ಮ ಶಾಲು” ಎಂದು ಮೇಲ್ವಿಚಾರಕ ಅದನ್ನು ಅವಳ ಹೆಗಲಿಗೇ ಹೊದಿಸಿ ಹೋದ.

“ಅಬ್ಬಾ, ಬೆಚ್ಚಗಿದೆ” ಎಂದಳು ಅವಳು. “ಬೆಳಗಿನ ಜಾವ ಬಂದಿದೀನಿ ಅಣ್ಣಾ. ಎಷ್ಟು ಕುರ್ಚಿ ತುಂಬಿಸಿದ್ನೋ ಲೆಕ್ಕ ಇಲ್ಲ.”

“ಅದು ನನ್ನ ಹೆಂಡ್ತಿ ಶಾಲು.”

“ಅವರೆಲ್ಲಿ?”

“ತೀರ್ಕೊಂಡ್ರು.”

ಅವಳಾಗಲೇ ನಿದ್ದೆಹೋಗಿದ್ದಳು. ತಲೆ ವಾಲುತ್ತ ವಾಲುತ್ತ ಬಂದು ಅವನ ಹೆಗಲ ಮೇಲೆ ಕುಳಿತಿತು. ಸಣ್ಣಗೆ ಗೊರಕೆಯೂ ಶುರುವಾಯಿತು.

ಆಗಲೇ, ಮೀನು ಕಂಡ ಕೊಕ್ಕರೆಯಂತೆ ಉದ್ದ ಕತ್ತಿನ ಕ್ಯಾಮೆರಾ ಅವನತ್ತ ಬಗ್ಗಿತು. ಹೆಗಲು ಕೊಡವಿದರೆ ಹೆಂಗಸು ನೆಲಕ್ಕೆ ಬೀಳುತ್ತಾಳೆ, ದೇಶವೆಲ್ಲ ನೋಡುತ್ತದೆ. ಕೊಡವದಿದ್ದರೂ ದೇಶವೆಲ್ಲ ನೋಡುತ್ತದೆ. ಏನು ಮಾಡುವುದೆಂದು ತೋಚದೆ ಅವನು ನಕ್ಕ. ಆ ದಿನ ಅವನು ಮಾಡಿದ ತಪ್ಪುಗಳಲ್ಲೆಲ್ಲ ದೊಡ್ಡದು ಆ ನಗು.

ಕ್ಯಾಮೆರಾ ಮುಂದೆ ಸರಿದದ್ದೇ, ಮೇಲ್ವಿಚಾರಕ ಅವಳನ್ನು ತಟ್ಟಿ ಎಬ್ಬಿಸಿ ಇನ್ನೊಂದು ಕುರ್ಚಿಗೆ ಓಡಿಸಿದ. ಶಾಲು ಅವಳ ಹೆಗಲ ಮೇಲೆಯೇ ಹೋಯಿತು. ಅವನು ಹಿಂದೆ ಧಾವಿಸಲು ಎದ್ದ, ಕಹಳೆ ಮೊಳಗಿತು, ಕಾವಲುಗಾರನೊಬ್ಬ ಹೆಗಲು ಹಿಡಿದು ಕೂರಿಸಿದ. ಪಕ್ಕದ ಕುರ್ಚಿ ಕೊನೆಗೂ ಖಾಲಿಯಾಗಿತ್ತು. ಕ್ಯಾಮೆರಾ ಮತ್ತೆ ಆ ಕಡೆ ಬರಲಿಲ್ಲ.

ಸಂಜೆ ಮೆಟ್ಟಿಲ ಮೇಲೆ ಕಟ್ಟಡಕ್ಕೆ ಕಟ್ಟಡವೇ ಕಾದಿತ್ತು.

“ಕೋಟು ಬಿಚ್ಚು” ಎಂದಳು ಟೈಲರಕ್ಕ. “ಅದೃಷ್ಟವಂತ ದಂಪತಿ ಅಂತ ಟೀವಿಯವರೇ ಸಾರಿದ್ರು. ಏನು ನಗು ಅದು!”

“ಅವಳ್ಯಾರೋ ನಂಗೊತ್ತಿಲ್ಲ ಅಕ್ಕಾ. ಕೂಲಿಗೆ ಬಂದವಳು.”

“ಕೂಲಿ ಬೇರೆ ಕೊಟ್ಯಾ!”

“ಹೆಂಡ್ತಿ ಕುರ್ಚಿ ಅಂದಿದ್ದ, ಸುಳ್ಳು ಹೇಳಿಲ್ಲ ಬಿಡು” ಎಂದರು ಓನರು. “ಯಾವ ಹೆಂಡ್ತಿ ಅಂತ ಕೇಳ್ದೇ ಇದ್ದದ್ದು ನಮ್ಮ ತಪ್ಪು. ಮ್ಯಾನೇಜರ ಹೆಂಡ್ತಿ ಹೇಳಿ ಹೋಗಿದಾರೆ, ನಾಳೆಯಿಂದ ಕೆಲಸಕ್ಕೆ ಬರೋದು ಬೇಡ್ವಂತೆ.”

ಅವನು ಕೋಟು ಬಿಚ್ಚಿಕೊಟ್ಟು ಮೇಲೆ ಹತ್ತಿದ. ಅತ್ತೆಯ ಕಾಲು ಹಿಡಿದು ಎಲ್ಲ ಹೇಳಿಬಿಡಬೇಕು ಅಂದುಕೊಂಡು ಬಾಗಿಲು ತಳ್ಳಿದ.

ಅತ್ತೆ ಊಟಕ್ಕೆ ಬಡಿಸುತ್ತಿದ್ದರು. ಎಂಟು ತಿಂಗಳಲ್ಲಿ ಅವರ ಮುಖದಲ್ಲಿ ಅಷ್ಟು ಬೆಳಕನ್ನು ಅವನು ಕಂಡಿರಲಿಲ್ಲ.

“ನೋಡ್ದೆ ಅಳಿಯಂದ್ರೇ, ಶಾಲು ಹೊದ್ಕೊಂಡು ಕೂತಿದ್ಲು. ಎಲ್ಲಿಗೆ ಕರ್ಕೊಂಡು ಹೋದ್ರೂ ನಿದ್ದೆ, ಚಿಕ್ಕವಳಿದ್ದಾಗಿಂದ್ಲೂ ಹೀಗೇ. ಎಲ್ಲಿ, ಹಿಂದೆ ಬರ್ತಿದಾಳಾ?”

“ಅತ್ತೆ...” ಎಂದ. “ಅವಳು...”

“ಸುಮ್ನಿರಿ. ಸತ್ತುಹೋದ್ಲು, ಸತ್ತುಹೋದ್ಲು ಅಂತ ಎಷ್ಟು ಸಲ ನನ್ನ ಅಳಿಸಿದ್ರಿ ನೀವು! ಇನ್ನು ನಿಮ್ಮ ಮಾತು ನಂಬಲ್ಲ. ಇವತ್ತು ನಾನೇ ಕಣ್ಣಾರೆ ನೋಡಿದೀನಿ.”

ಮೇಜಿನ ಮೇಲೆ ಮೂರು ತಟ್ಟೆಗಳಿದ್ದವು. ಅವನು ತನ್ನದರ ಮುಂದೆ ಕುಳಿತ.

“ಅವಳದು ಆರಿಹೋಗತ್ತೆ, ಮುಚ್ಚಿಡಿ” ಎಂದರು ಅತ್ತೆ.

ಅವನು ಮುಚ್ಚಿಟ್ಟ.