ಇಪ್ಪತ್ತೆರಡು ಡಿಗ್ರಿಯ ಅಳಿಯ

ಬಾಯಿ ತಪ್ಪಿ ಆಡಿದ ಒಂದು ಮಾತು ಮನುಷ್ಯನನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ ಎಂಬುದಕ್ಕೆ ನೋಯ್ಡಾದ ಇಂದುಶೇಖರನಿಗಿಂತ ಬೇರೆ ಸಾಕ್ಷಿ ಬೇಡ. ಡಿಸೆಂಬರಿನ ಒಂದು ಸಂಜೆ ಮೈಸೂರಿನಿಂದ ಏಕನಾಥರು ಫೋನ್ ಮಾಡಿ ದಿಲ್ಲಿಯ ಚಳಿಯ ಬಗ್ಗೆ ವಿಚಾರಿಸಿದಾಗ ಅವನು, "ನಮ್ಮನೇಲಿ ಚಳಿನೇ ಇಲ್ಲ ಸಾರ್. ವರ್ಷಪೂರ್ತಿ ಮೈಸೂರಿನ ಹವೆ," ಎಂದುಬಿಟ್ಟ. ಹಾಗೆನ್ನುವಾಗ ಅವನ ಮೈಮೇಲೆ ಎರಡು ಸ್ವೆಟರು, ಒಂದು ಮಂಕಿ ಟೋಪಿ, ಕಾಲಿನಲ್ಲಿ ಎರಡು ಜೊತೆ ಕಾಲುಚೀಲ ಇದ್ದವು.

ಪಾಪ, ಅವನನ್ನು ದೂರುವ ಹಾಗೂ ಇರಲಿಲ್ಲ. ವಯಸ್ಸು ಮೂವತ್ತಮೂರು. ಈವರೆಗೆ ಹನ್ನೊಂದು ಹುಡುಗಿಯರು ದಿಲ್ಲಿಯ ಹವೆಗೆ ಹೆದರಿ ಒಲ್ಲೆ ಎಂದಿದ್ದರು. ಮೇ ತಿಂಗಳಲ್ಲಿ ಕೇಳಿದವರು ಸೆಕೆಗೆ ಹೆದರಿದರು, ಡಿಸೆಂಬರಿನಲ್ಲಿ ಕೇಳಿದವರು ಚಳಿಗೆ. ಹನ್ನೆರಡನೆಯವಳು ಏಕನಾಥರ ಮಗಳು ಹರ್ಷಿಣಿ. ಆಗಸ್ಟಿನಲ್ಲಿ ಮೈಸೂರಿಗೆ ಹೋಗಿ ಅವಳನ್ನು ನೋಡಿ ಬಂದಾಗಿನಿಂದ ಇಂದುಶೇಖರನಿಗೆ ಊಟ ರುಚಿಸುತ್ತಿರಲಿಲ್ಲ. ಹದಿನೇಳು ಜನರಿದ್ದ ಆ ಮನೆಯಲ್ಲಿ ಮಾತಾಡಲು ಜಾಗ ಸಿಕ್ಕದೆ ಇಬ್ಬರೂ ಮಹಡಿಯ ಮೆಟ್ಟಿಲ ಮೇಲೆ ಕೂತಿದ್ದರು.

"ನಿಮ್ಮನೇಲಿ ಎಷ್ಟು ಜನ?" ಎಂದು ಅವಳು ಕೇಳಿದ್ದಳು.

"ನಾನೊಬ್ನೇ."

"ಬಾಗಿಲು ಹಾಕ್ಕೊಂಡ್ರೆ ಯಾರೂ ತಟ್ಟಲ್ವಾ?"

"ಯಾರೂ ಇಲ್ವಲ್ಲ, ತಟ್ಟೋಕೆ."

ಆಗ ಅವಳ ಮುಖದಲ್ಲಿ ಅರಳಿದ ನಗುವಿಗೆ ತನ್ನ ಮೀಸೆಯೇ ಕಾರಣವೆಂದು ಅವನು ನಂಬಿದ್ದ.

ಏಕನಾಥರು ನಿವೃತ್ತ ರಸಾಯನಶಾಸ್ತ್ರ ಮೇಷ್ಟ್ರು. ದೇವರು ಹೇಳಿದರೂ ಅಳೆಯದೆ ನಂಬುವವರಲ್ಲ. "ಹದಿನೆಂಟು ಡಿಗ್ರಿಗೆ ಇಳಿದ್ರೆ ನಮ್ಮ ಹುಡುಗಿಗೆ ಸೀನು ಶುರುವಾಗುತ್ತೆ. ಇಪ್ಪತ್ತೆರಡು ಇರಲೇಬೇಕು. ಜನವರೀಲಿ ಸರೋಜಿನಿ ನಗರದಲ್ಲಿ ನಮ್ಮ ನೆಂಟರ ಮನೆ ನಾಮಕರಣ ಇದೆ. ಹಾಗೇ ನಿಮ್ಮನೆಗೂ ಬಂದು ಅಳೆದು ನೋಡ್ತೀನಿ," ಎಂದರು.

ಇಂದುಶೇಖರ ಮರುದಿನವೇ ಹೋಗಿ, ಬಿಸಿಯನ್ನೂ ತಂಪನ್ನೂ ಎರಡನ್ನೂ ಕೊಡುವ ಏಸಿ ತಂದ. ಗೋಡೆಗೆ ಅದನ್ನು ಕೂರಿಸಿದ ಮೆಕ್ಯಾನಿಕ್, ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಎಳೆದು ಒಳಗೆ ಬಿಡುತ್ತದೆ ಎಂದು ವಿವರಿಸಿದ. ಎದುರು ಫ್ಲಾಟಿನ ಮುರಳೀಧರ ಕೇಳಿ ನಕ್ಕ. ಕರೆಯದೆ ಬರುವುದು, ಕೇಳದೆ ಹೇಳುವುದು ಮುರಳೀಧರನ ಎರಡು ಸದ್ಗುಣಗಳು.

"ಹೊರಗಿರೋದೇ ಐದು ಡಿಗ್ರಿ ಕಣಯ್ಯಾ. ಭಿಕ್ಷುಕನ ಜೋಳಿಗೆಗೆ ಕೈ ಹಾಕಿದ ಹಾಗಾಯ್ತು!"

ಏಸಿಯ ಹೊರಗಿನ ಪೆಟ್ಟಿಗೆಗೆ ಸಿಕ್ಕಿದ್ದು ಎರಡು ಬಾಲ್ಕನಿಗಳ ನಡುವಿನ ಜಾಗ. ಅದರ ಫ್ಯಾನಿನ ಮುಖ ಪಕ್ಕದ ಮನೆಯ ಸರಳಾ ಭಾಟಿಯಾ ಆಂಟಿಯ ಕಡೆಗಿತ್ತು. ಆಂಟಿ ಸೊಂಟದ ಮೇಲೆ ಕೈಯಿಟ್ಟು ಮೆಕ್ಯಾನಿಕ್ಕನನ್ನು ವಿಚಾರಿಸಿಕೊಂಡರು.

"ಭಯ್ಯಾ, ಬೇಸಿಗೆಯಲ್ಲಿ ಇದು ನನ್ನ ಕಡೆ ಏನು ಊದುತ್ತೆ?"

"ಬಿಸಿ ಗಾಳಿ, ಆಂಟೀಜಿ."

"ಚಳಿಗಾಲದಲ್ಲಿ?"

"ತಣ್ಣನೆ ಗಾಳಿ."

"ಅಚ್ಛಾ! ಅಂದರೆ ಇವನಿಗೆ ಬೇಡದ್ದೆಲ್ಲ ನನಗೆ!"

ಇಂದುಶೇಖರ ಕೈಮುಗಿದು, ಮದುವೆಯಾಗಲಿ, ಪೆಟ್ಟಿಗೆ ತಿರುಗಿಸುತ್ತೇನೆ ಎಂದು ಬೇಡಿಕೊಂಡ. ಆಂಟಿ ಬಾಲ್ಕನಿಯ ಬಾಗಿಲನ್ನು ಧಡ್ ಎಂದು ಹಾಕಿಕೊಂಡು ಒಳಗೆ ಹೋದರು.

ಏಕನಾಥರು ಬರುವ ಜನವರಿಯ ಭಾನುವಾರ ಬಂತು. ಹೊರಗೆ ಕೈಚಾಚಿದರೆ ಬೆರಳು ಕಾಣದಷ್ಟು ಮಂಜು. ಬೆಳಿಗ್ಗೆ ಆರಕ್ಕೇ ಹಚ್ಚಿದ ಏಸಿ ಒಂಬತ್ತರ ಹೊತ್ತಿಗೆ ಮನೆಯ ಹಾಲ್ ಅನ್ನು ಇಪ್ಪತ್ನಾಲ್ಕು ಡಿಗ್ರಿಗೆ ತಂದಿತ್ತು. ಇಂದುಶೇಖರ ಸ್ವೆಟರು ಕಳಚಿ ಅರ್ಧ ತೋಳಿನ ಅಂಗಿಯಲ್ಲಿ ಮದುಮಗನ ಹಾಗೆ ಓಡಾಡಿದ. ಹನ್ನೊಂದಕ್ಕೆ ಏಕನಾಥರು ಬಂದರು. ಮಫ್ಲರ್ ಬಿಚ್ಚಿದರು, ಕೋಟು ಬಿಚ್ಚಿದರು, ಚೀಲದಿಂದ ಪ್ರಯೋಗಾಲಯದ ಉದ್ದನೆಯ ಉಷ್ಣಮಾಪಕ ತೆಗೆದು ಕ್ಯಾಲೆಂಡರಿನ ಮೊಳೆಗೆ ನೇತುಹಾಕಿದರು.

"ಮಧ್ಯಾಹ್ನ ಮೂರರವರೆಗೆ ಕಾಲು ಗಂಟೆಗೊಂದು ಸಲ ಬರ್ಕೋತೀನಿ. ಮೂರು ಗಂಟೆಯದೇ ಅಂತಿಮ," ಎಂದು ನೋಟುಪುಸ್ತಕ ತೆರೆದರು.

ಹನ್ನೊಂದೂವರೆಗೆ ಏಸಿ ಒಮ್ಮೆ ಗೊರಗುಟ್ಟಿ ಸುಮ್ಮನಾಯಿತು. ಕೆಂಪು ದೀಪವೊಂದು ಮಾತ್ರ ಮಿಟುಕತೊಡಗಿತು. ಇಂದುಶೇಖರ ರಿಮೋಟನ್ನು ಒತ್ತಿದ, ತಟ್ಟಿದ, ಅದರ ಸೆಲ್ಲುಗಳನ್ನು ಉಜ್ಜಿ ಹಾಕಿದ. ಇಣುಕಿ ನೋಡೋಣವೆಂದರೆ ಹೊರಗಿನ ಪೆಟ್ಟಿಗೆ ಮಂಜಿನಲ್ಲಿ ಮುಳುಗಿತ್ತು. ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ ಅವನು ಮಾವನ ಮನೆಗೆ ಹೋಗಿದ್ದ. ಎಲ್ಲರಿಗೂ ಮಾವನ ಮನೆಯಿದೆ, ತನಗೆ ಮಾತ್ರ ಇಲ್ಲ ಎಂದು ಗೊಣಗಿ ಇಂದುಶೇಖರ ಫೋನು ಕೆಳಗಿಟ್ಟ.

"ಇಪ್ಪತ್ತೊಂದು," ಎಂದು ಏಕನಾಥರು ಬರೆದುಕೊಂಡರು. ಸ್ವಲ್ಪ ಹೊತ್ತಿಗೆ "ಹತ್ತೊಂಬತ್ತು" ಎಂದು ಕೋಟು ಹಾಕಿಕೊಂಡರು. ಊಟದ ಹೊತ್ತಿಗೆ "ಹದಿನೇಳು" ಎಂದು ಮಫ್ಲರ್ ಸುತ್ತಿಕೊಂಡರು. ಅನ್ನ ಸಾರು ಬಡಿಸುತ್ತಿದ್ದ ಇಂದುಶೇಖರನ ಹಲ್ಲು ಕಟಕಟ ಎನ್ನುತ್ತಿತ್ತು, ಆದರೂ ಅರ್ಧ ತೋಳಿನ ಅಂಗಿಯನ್ನು ಬಿಡಲಿಲ್ಲ. "ಸೆಕೆ ಅಲ್ವಾ ಸಾರ್?" ಎಂದು ಕೇಳಿಯೂ ನೋಡಿದ. ಏಕನಾಥರು ಉಷ್ಣಮಾಪಕದ ಕಡೆ ಬೆರಳು ತೋರಿಸಿದರು.

ವಾಸನೆ ಹಿಡಿದು ಬಂದ ಮುರಳೀಧರ ಅವನನ್ನು ಅಡುಗೆಮನೆಗೆ ಎಳೆದುಕೊಂಡು ಹೋದ.

"ಒಬ್ಬ ಮನುಷ್ಯ ಅಂದ್ರೆ ಒಂದು ನೂರು ವ್ಯಾಟ್ ಬಲ್ಬು ಕಣಯ್ಯಾ. ಅಷ್ಟು ಶಾಖ ಬಿಡ್ತಾನೆ. ನಮ್ಮ ಸೊಸೈಟೀಲಿ ಭಾನುವಾರ ಎಷ್ಟು ಬಲ್ಬು ಕೆಲಸವಿಲ್ಲದೆ ಬಿದ್ದಿವೆ ಗೊತ್ತಾ? ನೀನು ಪಕೋಡಕ್ಕೆ ಎಣ್ಣೆ ಇಡು."

ಹತ್ತು ನಿಮಿಷದಲ್ಲಿ ಬಾಗಿಲ ಗಂಟೆ ಸದ್ದಾಯಿತು. ಸೊಸೈಟಿಯ ಸೆಕ್ರೆಟರಿ ಸರದಾರ್‌ಜಿ ಇಬ್ಬರು ದಪ್ಪ ಭಾವಮೈದುನರೊಂದಿಗೆ ಬಂದರು. ಉಣ್ಣೆ ಹೆಣೆಯುವ ನಾಲ್ವರು ಅಜ್ಜಿಯರು ಬಂದು ಸೋಫಾ ಹಿಡಿದರು. ಕೊನೆಗೆ ಮುರಳೀಧರ ಎದೆಯುಬ್ಬಿಸಿ, ಮಂಜಿನಿಂದಾಗಿ ಪಾರ್ಕಿಗೆ ಹೋಗಲಾಗದೆ ಕೂತಿದ್ದ ನಗೆ ಕ್ಲಬ್ಬಿನ ಆರು ಮಂದಿಯನ್ನು ಕರೆತಂದ.

"ಇವರು ಸಾಮಾನ್ಯ ಬಲ್ಬಲ್ಲ, ಇನ್ನೂರು ವ್ಯಾಟು," ಎಂದು ಪಿಸುಗುಟ್ಟಿದ.

ಆರೂ ಜನ ಕೈಗಳನ್ನು ಮೇಲೆತ್ತಿ "ಹಾ ಹಾ ಹಾ" ಎಂದು ಹೊಟ್ಟೆ ಕುಲುಕಿಸತೊಡಗಿದರು. ಬಾಣಲೆ ಚುರುಗುಟ್ಟಿತು, ಚಹಾ ಕುದಿಯಿತು, ಕಿಟಕಿಯ ಗಾಜಿನ ಮೇಲೆ ಹಬೆ ಕೂತಿತು. ಏಕನಾಥರು ಬರೆಯುತ್ತಲೇ ಇದ್ದರು. ಹದಿನೆಂಟು. ಹತ್ತೊಂಬತ್ತೂವರೆ. ಇಪ್ಪತ್ತೊಂದು. ಮೊದಲು ಮಫ್ಲರ್ ಕಳಚಿತು, ಆಮೇಲೆ ಕೋಟು. ಮೂರಕ್ಕೆ ಎರಡು ನಿಮಿಷವಿರುವಾಗ ದ್ರವ ಇಪ್ಪತ್ತೆರಡರ ಗೆರೆ ಮುಟ್ಟಿತು. ಇಂದುಶೇಖರ ಪಕೋಡದ ಸೌಟು ಹಿಡಿದೇ ಕಣ್ಣು ಮುಚ್ಚಿ ಚಾಮುಂಡಿಗೆ ಹರಕೆ ಹೊತ್ತ.

ಅಷ್ಟರಲ್ಲಿ ಸರಳಾ ಆಂಟಿ ಬಂದರು. ಒಂದು ಕೈಯಲ್ಲಿ ಕ್ಯಾರೆಟ್ ಹಲ್ವಾ, ಇನ್ನೊಂದು ಕೈಯಲ್ಲಿ ಸ್ವೆಟರು ತೊಟ್ಟ ನಾಯಿಮರಿ. ಆಂಟಿಯ ಮನೆಯಲ್ಲಿ ತುಳಸಿ ಕುಂಡಕ್ಕೂ ಶಾಲು ಹೊದಿಸುವುದು ಪದ್ಧತಿ.

"ಬೇಟಾ, ನಾನು ಕೋಪ ಮಾಡಿಕೊಂಡಿದ್ದೆ ನಿಜ. ಆದರೆ ಬೆಳಿಗ್ಗೆ ನೋಡಿದರೆ ನಿನ್ನ ಯಂತ್ರ ಬೇಚಾರಾ ಹೊರಗೆ ನಡುಗುತ್ತಾ ಇತ್ತು, ಮೈಮೇಲೆಲ್ಲ ಹಿಮ! ಮನಸ್ಸು ತಡೀಲಿಲ್ಲ. ಹಳೇ ರಜಾಯಿ ಹೊದಿಸಿ ದುಪಟ್ಟಾದಲ್ಲಿ ಬಿಗಿಯಾಗಿ ಕಟ್ಟಿದ್ದೀನಿ. ಈಗ ಆರಾಮಾಗಿ ಮಲಗಿದೆ."

ಕ್ಲಬ್ಬಿನ ನಗುವೂ ನಿಂತಿತು. ಏಕನಾಥರಿಗೆ ಹಿಂದಿ ಅಷ್ಟಿಷ್ಟು ಬರುತ್ತಿತ್ತು, ಅಷ್ಟೇ ಸಾಕಾಯಿತು. ಮಿಟುಕುವ ಕೆಂಪು ದೀಪವನ್ನು ನೋಡಿದರು, ಜನರನ್ನು ಒಬ್ಬೊಬ್ಬರಾಗಿ ನೋಡಿದರು, ಕೊನೆಗೆ ಉಷ್ಣಮಾಪಕವನ್ನು ನೋಡಿದರು.

"ಅಂದ್ರೆ ಈ ಶಾಖ ಏಸೀದಲ್ಲ?"

"ಅಲ್ಲ ಸಾರ್," ಎಂದ ಇಂದುಶೇಖರ. ಅಳುವೊಂದು ಬಾಕಿಯಿತ್ತು. "ಇವರದ್ದು. ತಪ್ಪಾಯ್ತು ಸಾರ್. ಹರ್ಷಿಣಿ ಅವರು ಬೇಡ ಅಂದುಬಿಡ್ತಾರೇನೋ ಅಂತ ಭಯ ಆಯ್ತು."

ಏಕನಾಥರು ನೋಟುಪುಸ್ತಕದ ಅಂಕಿಗಳ ಮೇಲೆ ಬೆರಳಾಡಿಸುತ್ತ ಮೊದಲಿನಿಂದ ಓದಿದರು.

"ಇಪ್ಪತ್ತೆರಡು ಅಂದ್ರೆ ಇಪ್ಪತ್ತೆರಡು," ಎಂದರು ಕೊನೆಗೆ. "ಎಲ್ಲಿಂದ ಬಂತು ಅಂತ ಉಷ್ಣಮಾಪಕ ಕೇಳಲ್ಲ. ಒಬ್ಬ ಬ್ರಹ್ಮಚಾರಿಗೋಸ್ಕರ ಇಷ್ಟು ಜನ ಕೆಲಸ ಬಿಟ್ಟು ಬಂದು ನಗ್ತಾರೆ ಅಂದ್ರೆ ಸಾಮಾನ್ಯ ಅಲ್ಲ. ನನಗೆ ಒಪ್ಪಿಗೆ ಅಳಿಯಂದಿರೇ. ಎಲ್ಲಿ, ಆ ಮೊಬೈಲ್ ಕೊಡಿ, ಅವಳಿಗೆ ನಾನೇ ಹೇಳ್ತೀನಿ."

ಮುರಳೀಧರ ಇಂದುಶೇಖರನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ಅಜ್ಜಿಯರು ಅವನ ಬಾಯಿಗೆ ಹಲ್ವಾ ತುರುಕಿದರು.

"ಹರ್ಷಿಣೀ, ನೀನೇನೂ ಯೋಚನೆ ಮಾಡ್ಬೇಡ ಮಗಳೇ," ಏಕನಾಥರು ಗದ್ದಲ ಮೀರಿ ಕೂಗಿದರು. "ಥೇಟ್ ನಮ್ಮ ಮನೆ ಇದ್ದ ಹಾಗೇ ಇದೆ! ಎಣಿಸ್ದೆ, ಇಲ್ಲೂ ಸರಿಯಾಗಿ ಹದಿನೇಳು ಜನ! ಬಾಗಿಲು ಹಾಕೋ ಪ್ರಮೇಯವೇ ಇಲ್ಲ, ಒಬ್ಬರಾದ ಮೇಲೊಬ್ಬರು ಬರ್ತಾನೇ ಇರ್ತಾರೆ. ಹಲೋ? ಹಲೋ?" ಅವರು ಮೊಬೈಲನ್ನು ಇಂದುಶೇಖರನ ಕೈಗೆ ಕೊಟ್ಟರು. "ನಿಮ್ಮ ಹತ್ರ ಮಾತಾಡ್ಬೇಕಂತೆ. ನಾಚಿಕೆ."

ಹಲ್ವಾ ನುಂಗಿ ಇಂದುಶೇಖರ ಹಲೋ ಎಂದ.

"ನಂಗೆ ಸೀನು ಬಂದ್ರೆ ಸೀನ್ತೀನಿ," ಎಂದಳು ಹರ್ಷಿಣಿ, ಮೆಲ್ಲಗೆ. "ಚಳಿ ಇದ್ರೆ ಶಾಲು ಹೊದ್ಕೋತಿದ್ದೆ. ಡಿಗ್ರಿ ಲೆಕ್ಕ ಅಪ್ಪಂದು, ನಂದಲ್ಲ. ನಾನು ಕೇಳಿದ್ದು ಒಂದೇ, ಬಾಗಿಲು ಹಾಕ್ಕೊಂಡ್ರೆ ಯಾರೂ ತಟ್ಟಲ್ವಾ ಅಂತ. ಯಾರೂ ಇಲ್ಲ ಅಂದಿದ್ರಿ."

"ಅಯ್ಯೋ, ಇವತ್ತೊಂದು ದಿನ ಕಣ್ರೀ! ಇವರು ಯಾವತ್ತೂ..."

ಅಷ್ಟರಲ್ಲಿ ಶುಭ ಸಮಾಚಾರಕ್ಕೆಂದು ನಗೆ ಕ್ಲಬ್ಬು ವಿಶೇಷ ಸುತ್ತೊಂದನ್ನು ಹಮ್ಮಿಕೊಂಡಿತು. "ಹಾ ಹಾ ಹಾ" ಎಂಬ ಅಬ್ಬರದ ನಡುವೆ ಅವಳು ಕೊನೆಗೆ ಏನೆಂದಳೋ ಕೇಳಿಸಲಿಲ್ಲ. ಫೋನು ಕಟ್ಟಾಗಿದ್ದು ಮಾತ್ರ ಗೊತ್ತಾಯಿತು. ಮತ್ತೆ ಮಾಡಿದ, ಅವಳು ಎತ್ತಲಿಲ್ಲ. ಹನ್ನೆರಡನೆಯವಳೂ ಹೋದಳು. ಈ ಸಲ ಹವೆಯನ್ನು ಬೈಯುವ ಹಾಗೂ ಇರಲಿಲ್ಲ.

ಸರಳಾ ಆಂಟಿ ತಮ್ಮ ಬಾಲ್ಕನಿಗೆ ಹೋಗಿ ರಜಾಯಿ ಬಿಚ್ಚಿಕೊಂಡು ಬಂದು ಇಂದುಶೇಖರನ ಹೆಗಲಿಗೆ ಹಾಕಿದರು. ಸ್ವಿಚ್ಚು ಆರಿಸಿ ಹಾಕಿದ ಮೇಲೆ ಏಸಿ ಕೊಂಚ ಹೊತ್ತು ಹೊರಗಿನ ಪೆಟ್ಟಿಗೆಯಿಂದ ಕರಗಿದ ಹಿಮದ ನೀರು ಸುರಿಸಿ, ಏನೂ ಆಗಿಯೇ ಇಲ್ಲವೆಂಬಂತೆ ಬೆಚ್ಚನೆಯ ಗಾಳಿ ಬಿಡತೊಡಗಿತು. "ಇಪ್ಪತ್ತಾರು!" ಎಂದು ಏಕನಾಥರು ಬರೆದುಕೊಂಡರು. ಎದ್ದು ಹೊರಟವರು ಒಬ್ಬರೂ ಇಲ್ಲ. ಇಂಥ ಬೆಚ್ಚನೆಯ ಹಾಲ್ ಇರುವಾಗ ಹೋಳಿಯವರೆಗೆ ಪಾರ್ಕಿನ ಗೊಡವೆ ಏಕೆ ಎಂದು ಸರದಾರ್‌ಜಿ ಸೂಚಿಸಿದರು, ಅಜ್ಜಿಯರು ಅನುಮೋದಿಸಿದರು. ಏಕನಾಥರು ಚಪ್ಪಲಿ ಬಿಚ್ಚಿ ದಿವಾನದ ಮೇಲೆ ಕಾಲು ಚಾಚಿದರು.

ಕೂರಲು ಜಾಗವಿಲ್ಲದೆ ಇಂದುಶೇಖರ ರಜಾಯಿ ಹೊದ್ದು ಬಾಲ್ಕನಿಗೆ ಹೋದ. ಹೊರಗಿನ ಪೆಟ್ಟಿಗೆ ಅವನ ಹನ್ನೆರಡೂ ಸಂಬಂಧಗಳ ತಣ್ಣನೆಯ ಗಾಳಿಯನ್ನು ಮಂಜಿನೊಳಕ್ಕೆ ಊದುತ್ತಿತ್ತು. ಅವನು ಒಮ್ಮೆ ಜೋರಾಗಿ ಸೀನಿದ. ಹಿಂದೆ ಕೈಚಾಚಿ ಬಾಗಿಲು ಹಾಕಿಕೊಂಡ.

ಯಾರೂ ತಟ್ಟಲಿಲ್ಲ.