ಮಲ್ಲಿಗೆ ಬಿಯರಿಗೆ ಒಬ್ಬ ಗಿರಾಕಿ

ಮಣಿಪಾಲದಲ್ಲಿ ಸ್ವಂತ ಬಿಯರ್ ಮಾಡಿ ಮಾರಲು ಹೊರಟವನು ಅವಮಾನವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ತಾನಾಗಿಯೇ ಮೆಟ್ಟಿಲು ಹತ್ತಿ ಬಂದು ಫ್ಯಾನಿನ ಕೆಳಗೆ ಕುಳಿತುಕೊಳ್ಳುತ್ತದೆ. ಬೇರೆಯವರ ಬಿಯರ್ ಕಾರ್ಖಾನೆಗಳಲ್ಲಿ ಬಹಳ ವರ್ಷ ದುಡಿದ ನಾನು, ಅಕ್ಕನ ಗಂಡನನ್ನು ಪಾಲುದಾರನನ್ನಾಗಿ ಮಾಡಿಕೊಂಡು ಈ ಸಣ್ಣ ಪಬ್ ತೆರೆದೆ. ಕುಳಿತವರಿಗೆ ಕಾಣುವ ಹಾಗೆ ಗಾಜಿನ ಆಚೆ ಸ್ಟೀಲ್ ಟ್ಯಾಂಕುಗಳು. ಜನ ಬಂದರು. ಟ್ಯಾಂಕಿನ ಮುಂದೆ ಫೋಟೋ ತೆಗೆಸಿಕೊಂಡರು. ಕಾಣೆ ಮೀನಿನ ಫ್ರೈ ತಿಂದರು. ಆಮೇಲೆ ವೈಟರನ್ನು ಹತ್ತಿರ ಕರೆದು, "ಬಾಟ್ಲಿ ಬಿಯರ್ ಇಲ್ವಾ?" ಎಂದು ಗುಟ್ಟಾಗಿ ಕೇಳಿದರು.

ಭಾವ ಗಲ್ಫಿನಲ್ಲಿ ಹೋಟೆಲು ನಡೆಸಿ ಬಂದ ಮನುಷ್ಯ, ಮಾತು ಕಡಿಮೆ. "ನೋಡು ಮಾರಾಯ, ದೀಪಾವಳಿಯ ಒಳಗೆ ನಿನ್ನ ಒಂದಾದರೂ ಬಿಯರಿಗೆ ಜನ ಪುನಃ ಪುನಃ ಬರಬೇಕು. ಬರ್ಲಿಲ್ಲ ಅಂದ್ರೆ ಟ್ಯಾಂಕು ಕೀಳಿಸಿ ಮೀನೂಟದ ಹೋಟೆಲು ಮಾಡುವ" ಎಂದರು. ನನಗೆ ಬರುವ ವಿದ್ಯೆ ಇದೊಂದೇ. ಅಂದಿನಿಂದ ಸರಿಯಾಗಿ ನಿದ್ದೆ ಬಂದಿಲ್ಲ.

ಔಷಧ

ಕಾರ್ಕಳದಲ್ಲಿರುವ ಅಮ್ಮನಿಗೆ, ಮಗ ಬಿಯರ್ ಮಾಡುತ್ತಾನೆ ಎಂದು ಬಾಯಿಬಿಟ್ಟು ಹೇಳಲು ನಾಚಿಕೆ. ಕೇಳಿದವರಿಗೆಲ್ಲ "ಬಾರ್ಲಿ ನೀರಿನ ವ್ಯಾಪಾರ" ಎಂದಿದ್ದಾರೆ. ಪೂರ್ತಿ ಸುಳ್ಳು ಎನ್ನುವ ಹಾಗೂ ಇಲ್ಲ. ಒಂದು ದಿನ ದೂರದ ಸಂಬಂಧದ ದೊಡ್ಡಪ್ಪ ಒಬ್ಬರು ಸ್ಕ್ಯಾನಿಂಗ್ ರಿಪೋರ್ಟು ಹಿಡಿದುಕೊಂಡು ಕಾರ್ಕಳದಿಂದ ಬಂದೇಬಿಟ್ಟರು.

"ಕಿಡ್ನಿಯಲ್ಲಿ ಕಲ್ಲು ಉಂಟಂತೆ. ಡಾಕ್ಟರು ಬಾರ್ಲಿ ನೀರು ಕುಡಿಯಲಿಕ್ಕೆ ಹೇಳಿದ್ದಾರೆ. ನಿನ್ನಲ್ಲೇ ಇರುವಾಗ ಬೇರೆ ಕಡೆ ಯಾಕೆ?"

ಇದು ಬಿಯರ್, ಇದು ಬೇರೆ ಎಂದು ವಿವರಿಸಿದೆ. "ಇರಲಿ, ಬಾರ್ಲಿಯದ್ದೇ ಅಲ್ವಾ" ಎಂದರು. ನನ್ನ ಹೆಮ್ಮೆಯ ಮೊದಲ ಬಿಯರನ್ನು ಲೋಟಕ್ಕೆ ಬಿಟ್ಟು ಕೊಟ್ಟೆ. ಅವರು ಮೂಗು ಹಿಡಿದು, ಕಣ್ಣು ಮುಚ್ಚಿ, ಕಷಾಯ ಕುಡಿದ ಹಾಗೆ ಒಂದೇ ಉಸಿರಿಗೆ ಮುಗಿಸಿ, ಬಾಯಿಗೆ ಹಾಕಿಕೊಳ್ಳಲು ಒಂದು ಚೂರು ಬೆಲ್ಲ ಕೇಳಿದರು.

"ಪುನಃ ಬರ್ತೀರಲ್ಲ ದೊಡ್ಡಪ್ಪ?" ಎಂದು ಆಸೆಯಿಂದ ಕೇಳಿದೆ.

"ಬರಲೇಬೇಕಲ್ಲ ಮಾರಾಯ, ಕಲ್ಲು ಬೀಳುವವರೆಗೆ. ಬಿದ್ದ ಮೇಲೆ ಇದನ್ನು ಯಾರು ಕುಡೀತಾರೆ?"

ಆ ಕಲ್ಲು ಅಲ್ಲೇ ಇರಲಿ ಎಂದು ನಾನು ಒಂದು ಕ್ಷಣ ಬೇಡಿಕೊಂಡದ್ದು ದೇವರಿಗೆ ಮಾತ್ರ ಗೊತ್ತು.

ಪುನರ್ಪುಳಿ

ಊರಿನವರಿಗೆ ಊರಿನ ರುಚಿಯೇ ಹಿಡಿಸೀತು ಎಂದುಕೊಂಡು ಪುನರ್ಪುಳಿ, ಅಂದರೆ ಕೋಕಂ ಹಣ್ಣು, ಹಾಕಿ ಬಿಯರ್ ಮಾಡಿದೆ. ಒಳ್ಳೆಯ ಕೆಂಪು ಬಣ್ಣ, ಹದವಾದ ಹುಳಿ. ಮಧ್ಯಾಹ್ನ ಹೆಜಮಾಡಿಯ ಮೀನು ವ್ಯಾಪಾರಿಗಳ ಒಂದು ಗುಂಪು ಊಟಕ್ಕೆ ಬಂದಿತ್ತು. ರುಚಿ ನೋಡಲಿ ಎಂದು ಒಂದೊಂದು ಲೋಟ ಪುಕ್ಕಟೆ ಕಳಿಸಿ, ಗಾಜಿನ ಹಿಂದೆ ನಿಂತು ನೋಡುತ್ತಿದ್ದೆ.

ಅವರಲ್ಲಿ ಹಿರಿಯರೊಬ್ಬರು ಲೋಟ ಎತ್ತಿದರು. ನಾನು ಗಾಜಿಗೆ ಮೂಗು ಒತ್ತಿದೆ. ಎತ್ತಿದವರು ಅದನ್ನು ಕುಚ್ಚಲಕ್ಕಿ ಅನ್ನದ ಮೇಲೆ ಸುರಿದು, ಚೆನ್ನಾಗಿ ಕಲಸಿ ಉಣ್ಣಲು ಶುರು ಮಾಡಿದರು. ಉಳಿದವರೂ ಸುರಿದುಕೊಂಡರು. ನಮ್ಮ ಕಡೆ ಊಟಕ್ಕೆ ಪುನರ್ಪುಳಿ ಸಾರು ಇರುವುದೇ ಕ್ರಮ, ಹಾಗಾಗಿ ಅವರನ್ನು ದೂರುವ ಹಾಗಿಲ್ಲ. ನಾನು ಓಡಿಹೋಗಿ, "ಅಯ್ಯೋ, ಅದು ಬಿಯರ್!" ಎಂದೆ.

"ಹೌದಾ? ಉಪ್ಪು ಸಾಲದು, ಒಗ್ಗರಣೆಯೂ ಬೀಳಲಿಲ್ಲ" ಎಂದರು ಹಿರಿಯರು. "ಆದ್ರೆ ಅನ್ನಕ್ಕೆ ಅಡ್ಡಿಯಿಲ್ಲ. ಇನ್ನೂ ಸ್ವಲ್ಪ ಹಾಕಿ."

ಕೌಂಟರಿನಲ್ಲಿದ್ದ ಭಾವನ ಮುಖ ತಿಂಗಳುಗಳ ನಂತರ ಅರಳಿತು. "ಕಂಡೆಯಾ? ಮೀನೂಟದ ಹೋಟೆಲಾದ್ರೆ ನಿನ್ನ ಬಿಯರೂ ಖರ್ಚಾಗ್ತದೆ."

ಅಲೆವೂರಿನ ದನ

ಬಿಯರಿಗೆ ಬೇಯಿಸಿದ ಬಾರ್ಲಿಯ ಚರಟ ಮೂಟೆಗಟ್ಟಲೆ ಉಳಿಯುತ್ತದೆ. ಅದನ್ನು ಅಲೆವೂರಿನಲ್ಲಿ ದನ ಸಾಕುವ ಹೆಂಗಸೊಬ್ಬರಿಗೆ ಕೊಡುತ್ತಿದ್ದೆ. ಒಂದು ಬೆಳಿಗ್ಗೆ ಅವರು ಸಿಟ್ಟಿನಲ್ಲೇ ಬಂದರು.

"ಎಂತ ಮಾರಾಯ್ರೆ, ಈ ವಾರ ಚರಟ ಇಲ್ಲವಂತೆ?"

"ಹಳೇ ಬಿಯರೇ ಖಾಲಿಯಾಗ್ಲಿಲ್ಲ ಅಕ್ಕ. ಹೊಸತು ಮಾಡಿ ಎಲ್ಲಿಗೆ ತುಂಬಿಸುವುದು?"

"ಹಳೇದನ್ನು ಚರಂಡಿಗೆ ಬಿಡಿ. ನನ್ನ ದನ ಬೈಹುಲ್ಲು ಮುಟ್ಟುವುದಿಲ್ಲ, ನಿಮ್ಮದೇ ಬೇಕಂತೆ."

ಪುನಃ ಪುನಃ ಕೇಳುವ ಗಿರಾಕಿ ಸಿಕ್ಕಿತಲ್ಲ ಎಂದು ಭಾವನಿಗೆ ಹೇಳಿದೆ. "ಒಳ್ಳೇದಾಯ್ತು, ಪಾರ್ಕಿಂಗಿನಲ್ಲಿ ಒಂದು ಗೂಟ ಹಾಕಿಸುವ" ಎಂದರು.

ಮಲ್ಲಿಗೆ

ಕೊನೆಯ ಆಸೆ ಮಲ್ಲಿಗೆ. ಕಾಪು ಕಡೆಯ ಮಲ್ಲಿಗೆಯ ಪರಿಮಳಕ್ಕೆ ಸೋಲದವರು ಈ ಜಿಲ್ಲೆಯಲ್ಲಿ ಯಾರಿದ್ದಾರೆ? ಬೆಳಗಾದರೆ ಹೂವಿನ ಕಟ್ಟುಗಳನ್ನು ತಂದು, ಬಾಳೆನಾರಿನಿಂದ ಒಂದೊಂದೇ ಹೂ ಬಿಡಿಸುತ್ತ ಕೂರುತ್ತಿದ್ದೆ. ಕಟ್ಟಿದ ಹೂವನ್ನು ಬಿಚ್ಚುವ ಹುಚ್ಚನನ್ನು ಇದೇ ಮೊದಲು ನೋಡಿದ್ದು ಎಂದು ಹೂ ಮಾರುವ ಹೆಂಗಸು ನಕ್ಕಳು. ಬಿಯರ್ ಸಿದ್ಧವಾಯಿತು. ಕುಡಿದವರು ಒಂದು ಗುಟುಕಿಗೇ ಲೋಟ ದೂರ ಸರಿಸಿದರು.

ಒಬ್ಬರು ಮಾತ್ರ ಸರಿಸಲಿಲ್ಲ. ಕಾಪುವಿನಲ್ಲಿ ಬಲೆ, ಹಗ್ಗ ಮಾರುವ ಅಂಗಡಿಯವರು. ಕಣ್ಣು ಮುಚ್ಚಿ ಕುಡಿದು, "ಭಾರೀ ಲಾಯ್ಕ್ ಉಂಟು ಮಾರಾಯ್ರೆ" ಎಂದರು. ಮರುದಿನವೂ ಬಂದರು, ವಾರವಿಡೀ ಬಂದರು. ನನಗೆ ಅವರ ಕಾಲಿಗೆ ಬೀಳುವಷ್ಟು ಸಂತೋಷ. ಭಾವನೂ ಸ್ವಲ್ಪ ಸಡಿಲವಾದರು. "ಒಬ್ಬ ಬಂದ ಅಂದ್ರೆ ಹತ್ತು ಜನ ಬಂದಾರು. ನೋಡುವ, ದೀಪಾವಳಿ ದಾಟಲಿ" ಎಂದರು.

ಒಂದು ಮಧ್ಯಾಹ್ನ ಬಲೆ ಅಂಗಡಿಯವರು ಹೆಂಡತಿಯ ಜೊತೆ ಬಂದರು. ಜೊತೆಗೆ ಎನ್ನುವುದಕ್ಕಿಂತ ಹಿಂದೆ ಹಿಂದೆ, ತಲೆ ತಗ್ಗಿಸಿಕೊಂಡು.

"ಇವರು ಕುಡಿಯುವುದು ನನಗೆ ಗೊತ್ತುಂಟು. ಅದಕ್ಕೆ ನಾನು ಎಂತದೂ ಹೇಳಿದವಳಲ್ಲ" ಎಂದು ಆಕೆ ನನ್ನನ್ನೇ ವಿಚಾರಿಸಿಕೊಂಡರು. "ಈಗ ಒಂದು ವಾರದಿಂದ ಬಾಯಿ, ಮೀಸೆ, ಅಂಗಿ ಎಲ್ಲ ಮಲ್ಲಿಗೆ ಪರಿಮಳ. ನನಗೆ ಹಬ್ಬಕ್ಕೂ ಒಂದು ಮೊಳ ಹೂ ತಂದ ಜನ ಅಲ್ಲ ಇದು. ಕೇಳಿದ್ರೆ ಮಲ್ಲಿಗೆ ಹಾಕಿದ ಬಿಯರಂತೆ! ನಾನೆಂತ ಸಣ್ಣ ಮಗುವಾ?"

"ಸತ್ಯ ಅಕ್ಕ, ನಾನೇ ಮಾಡಿದ್ದು" ಎಂದೆ. ಒಂದು ಸಂಸಾರವೂ ಉಳಿಯಲಿ, ನನ್ನ ಒಬ್ಬನೇ ಗಿರಾಕಿಯೂ ಉಳಿಯಲಿ ಎಂದು ಅವರನ್ನು ಟ್ಯಾಂಕಿನ ಹತ್ತಿರ ಕರೆದುಕೊಂಡು ಹೋಗಿ, ಎದುರಿಗೇ ಲೋಟಕ್ಕೆ ಬಿಟ್ಟುಕೊಟ್ಟೆ. ಆಕೆ ಮೂಸಿ ನೋಡಿದರು.

"ಹೌದು, ಇದೇ ಪರಿಮಳ."

ಗಂಡ ಉಸಿರು ಬಿಟ್ಟರು. ವಿಷಯ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಹೊಗಳಿಕೆ ಕೇಳದೆ ಒಣಗಿಹೋಗಿದ್ದ ನಾನು ಸುಮ್ಮನಿರಲಾರದೆ, "ಒಂದು ಗುಟುಕು ರುಚಿಯೂ ನೋಡಿ ಅಕ್ಕ" ಎಂದೆ.

ಆಕೆ ಒಂದು ಗುಟುಕು ಬಾಯಿಗೆ ಹಾಕಿಕೊಂಡರು. ನೇರ ಬೇಸಿನ್ನಿಗೆ ಹೋಗಿ ಉಗುಳಿದರು. ನಲ್ಲಿ ತಿರುಗಿಸಿ ಬಾಯಿ ಮುಕ್ಕಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಗಂಡನ ಕಡೆ ತಿರುಗಿದರು.

"ಇದನ್ನು ಕುಡಿಯಲಿಕ್ಕೆ ಅಂತ ದುಡ್ಡು ಕೊಟ್ಟು ದಿನಾ ಕಾಪುವಿನಿಂದ ಯಾರೂ ಬರುವುದಿಲ್ಲ. ಸತ್ಯ ಹೇಳಿ, ಯಾರು ಅವಳು?"

ಗಂಡ ದಿಕ್ಕು ತೋಚದೆ ನನ್ನ ಮುಖ ನೋಡಿದರು. ನಾನು ಕೌಂಟರಿನಲ್ಲಿದ್ದ ಭಾವನ ಮುಖ ನೋಡಿದೆ.

"ಅವರು ಹೇಳುವುದು ನ್ಯಾಯವೇ ಉಂಟು ಮಾರಾಯ" ಎಂದ ಭಾವ, ಟ್ಯಾಂಕು ಕೀಳುವವನಿಗೆ ಫೋನ್ ಮಾಡಲು ಹೊರಗೆ ಹೋದರು.